ಗ್ರಂಥಾಲಯದ ಜಗಲಿ: ಊರು ಕೂಡಿ ಓದಿದ, ಕೇಳಿದ ಚರಿತ್ರೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆ ಹೊರತರಬೇಕೆಂದು ಆಡಳಿತ ಮಂಡಳಿ ತೀರ್ಮಾನ ಮಾಡಿತು. ಸಂಘ ಬೆಳೆದು ಬಂದ ದಾರಿ, ಲೆಕ್ಕಪತ್ರ, ಹೈನುಗಾರಿಕೆಯ ವಿಷಯ ಬರೆಯಲು ಬೇರೆ ನಿರ್ದೇಶಕರು ಇದ್ದಾರೆ. ನಾವು ಗ್ರಂಥಾಲಯದ ವಿಷಯ ಬರೆಯುತ್ತೇವೆ ಎಂದು ಒಪ್ಪಿಕೊಂಡೆವು. ಡೇರಿಗೂ ಗ್ರಂಥಾಲಯಕ್ಕೂ ಏನಪ್ಪಾ ಸಂಬಂಧ ಅಂತ ಕೆಲವರು ಕೇಳಬಹುದು. ಕಾರಣ ಇದೆ.

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಆಡಳಿತ ಮಂಡಳಿ ಒಂದು ವಿಷಯ ಮಂಡಿಸಿತ್ತು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದವರು ಊರಿನ ಜನಕ್ಕೆ, ಮಕ್ಕಳಿಗೆ ಉಚಿತ ಕಾರ್ಯಕ್ರಮ ಮಾಡಲು ಜಾಗ ಸಾಲದೆಂದು ಕೇಳಿದ್ದರಿಂದ, ಸಂಘದ ಮಹಡಿ ಮೇಲಿನ ಸಭಾಂಗಣವನ್ನು ತಿಂಗಳಿಗೆ ಎರಡು ಸಂಜೆ ಬಾಡಿಗೆ ಇಲ್ಲದೆ ಕೊಡುವುದು, ಧರ್ಮಾರ್ಥ ನಿಧಿಯಿಂದ ಅಲ್ಪಸ್ವಲ್ಪ ಸಹಾಯ ಮಾಡುವುದು, ಇಷ್ಟೇ ವಿಷಯ. ಆಗ ಕೆಲವು ಸದಸ್ಯರು ಎದ್ದು, "ಪುಕ್ಕಟೆ ಕಾರ್ಯಕ್ರಮಕ್ಕೆ ನಮ್ಮ ಹಾಲಿನ ದುಡ್ಡು ಯಾಕ್ರೀ? ಪುಸ್ತಕ ಓದೋರು ಗ್ರಂಥಾಲಯದಲ್ಲೇ ಕೂತು ಓದ್ಲಿ" ಎಂದರು. ವಿಷಯ ಮುಂದಿನ ಸಭೆಗೆ ಹೋಯಿತು.

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕೆಚ್ಚಲು ಹಿಂಡಿ ತಂದ ಹಾಲಿನ ದುಡ್ಡಿಗೆ ಲೆಕ್ಕ ಕೇಳುವ ಹಕ್ಕು ಎಲ್ಲಾ ಸದಸ್ಯರಿಗೂ ಇದೆ. ಆದ್ದರಿಂದ ಆ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಿ ಇಲ್ಲಿ ಬರೆದಿದ್ದೇವೆ. ಗ್ರಂಥಾಲಯ ಅಂದರೆ ಪುಸ್ತಕ ಜೋಡಿಸಿಡುವ ಬೀರು ಮಾತ್ರವೇ? ಪುಕ್ಕಟೆ ಅಂದರೆ ಕೊನೆಗೆ ಅದು ಯಾರ ದುಡ್ಡು? ಈ ಎರಡು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಬೇಕೆಂದು ಕೋರುತ್ತೇವೆ.

ಓದುವ ಮೊದಲು ಕೇಳುತ್ತಿದ್ದೆವು

ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲೂ ಕಾವ್ಯ ಬಲ್ಲವರು ಕಡಿಮೆ ಇರಲಿಲ್ಲ. ಮಳೆಗಾಲದ ರಾತ್ರಿ, ಸುಗ್ಗಿ ಮುಗಿದ ಮೇಲಿನ ರಾತ್ರಿ, ದೇವಸ್ಥಾನದ ಜಗಲಿಯಲ್ಲೋ ಚಾವಡಿಯಲ್ಲೋ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಇದೇ ಗಮಕ. ಕೇಳಲು ಬಂದವರ ಹತ್ತಿರ ಯಾರೂ ಕಾಸು ಕೇಳುತ್ತಿರಲಿಲ್ಲ. ದೀಪಕ್ಕೆ ಎಣ್ಣೆ ಒಬ್ಬರ ಮನೆಯದು, ಚಾಪೆ ಇನ್ನೊಬ್ಬರ ಮನೆಯದು, ಮಂಗಳದ ದಿನ ಪನಿವಾರ ಮತ್ತೊಬ್ಬರ ಮನೆಯದು. ಪುಸ್ತಕ ಒಂದೇ, ಕೇಳುವವರು ಊರೆಲ್ಲಾ.

ಇನ್ನೂ ಹಿಂದಕ್ಕೆ ಹೋದರೆ, ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದು ಕನ್ನಡಿಗರಿಗೆಲ್ಲಾ ಗೊತ್ತಿರುವ ವಿಷಯ. ಅಚ್ಚಿನ ಯಂತ್ರ ಇಲ್ಲದ ಕಾಲ ಅದು. ಒಂದೊಂದು ಪ್ರತಿಯನ್ನೂ ಓಲೆಗರಿಯ ಮೇಲೆ ಕೈಯಲ್ಲೇ ಬರೆಯಬೇಕು. ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರ ನಾಗಾವಿ ಎಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದೊಂದು ದೊಡ್ಡ ವಿದ್ಯಾಕೇಂದ್ರ. ಅಲ್ಲಿಯ 1058ರ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖ ಇದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಗ್ರಂಥಪಾಲಕರು. ಅವರ ಜೀವನಕ್ಕೆ ಭೂಮಿ ಬಿಟ್ಟುಕೊಟ್ಟಿದ್ದರು. ಪುಸ್ತಕ ಇದ್ದರೆ ಸಾಲದು, ಅದನ್ನು ನೋಡಿಕೊಳ್ಳುವ ಮನುಷ್ಯರಿಗೂ ಅನ್ನದ ದಾರಿ ಆಗಬೇಕು ಎಂಬುದು ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ತಿಳಿದಿತ್ತು.

ಆದರೆ ಒಂದು ಮಾತು ಮುಚ್ಚಿಡಬಾರದು. ಆ ಜಗಲಿ ಎಲ್ಲರದೂ ಆಗಿರಲಿಲ್ಲ. ಕೆಲವರು ಜಗಲಿಯ ಮೇಲೆ ಕೂರುವರು, ಕೆಲವರು ಕೆಳಗೆ ಬೀದಿಯಲ್ಲಿ ನಿಂತು ಕೇಳುವರು, ಕೆಲವರು ಆ ಬೀದಿಗೇ ಬರುವಂತಿರಲಿಲ್ಲ. ಹೆಂಗಸರು ಬಾಗಿಲ ಮರೆಯಿಂದ ಎಷ್ಟು ಕಿವಿಗೆ ಬಿದ್ದರೆ ಅಷ್ಟು. ಸಾರ್ವಜನಿಕ ಗ್ರಂಥಾಲಯ ಅಂತ ಆಮೇಲೆ ಬಂತಲ್ಲ, ಅದು ಈ ಜಗಲಿಯನ್ನು ಎಲ್ಲರಿಗೂ ತೆರೆದ ಕೆಲಸ. ನಮ್ಮ ಡೇರಿಯಲ್ಲಿ ಕ್ಯಾನು ಹಿಡಿದು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲವೇ, ಹಾಗೆ.

ಸಹಕಾರಿಗಳು ತೆರೆದ ವಾಚನಾಲಯ

ಸಹಕಾರ ಚಳವಳಿಯ ತವರು ಇಂಗ್ಲೆಂಡಿನ ರಾಚ್‌ಡೇಲ್ ಎಂದು ನಾವು ಸಹಕಾರ ತರಬೇತಿಗಳಲ್ಲಿ ಕೇಳಿದ್ದೇವೆ. 1844ರ ಡಿಸೆಂಬರಿನಲ್ಲಿ 28 ಮಂದಿ ಸೇರಿ ತಲಾ ಒಂದು ಪೌಂಡ್ ಷೇರು ಹಾಕಿ ಒಂದು ಚಿಕ್ಕ ಅಂಗಡಿ ತೆರೆದರು. ಅವರಲ್ಲಿ ಬಹಳ ಜನ ನೇಯ್ಗೆ ಕೆಲಸದ ಕೂಲಿಕಾರರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಷ್ಟೇ ಸಾಮಾನು. ಕಲಬೆರಕೆ ಇಲ್ಲದ ಪದಾರ್ಥ, ಸರಿಯಾದ ತೂಕ, ಲಾಭ ಬಂದರೆ ಎಲ್ಲರಿಗೂ ಹಂಚಿಕೆ. ಇಷ್ಟು ಎಲ್ಲರಿಗೂ ಗೊತ್ತು.

ಬಹಳ ಮಂದಿಗೆ ಗೊತ್ತಿಲ್ಲದ್ದು ಮುಂದಿನ ಕಥೆ. ವ್ಯಾಪಾರ ಸ್ವಲ್ಪ ಕುದುರುತ್ತಲೇ ಈ ಜನ ಅಂಗಡಿಯ ಕಟ್ಟಡದಲ್ಲೇ ಪತ್ರಿಕೆ ಓದುವ ಕೊಠಡಿಯನ್ನೂ ಗ್ರಂಥಾಲಯವನ್ನೂ ಮಾಡಿಕೊಂಡರು. 1850ರ ದಶಕದಲ್ಲಿ ಲಾಭದ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ವಿದ್ಯಾಭ್ಯಾಸಕ್ಕೆ ಎತ್ತಿಡಬೇಕೆಂದು ನಿಯಮ ಮಾಡಿಕೊಂಡರು. ಹೊಟ್ಟೆಗೆ ಹಿಟ್ಟು ಸಾಲದ ಜನ, ಮಗ್ಗದ ಮುಂದೆ ದಿನವೆಲ್ಲಾ ದುಡಿದು ಬಂದವರು, ಸಂಜೆ ಕೂತು ಪತ್ರಿಕೆ ಓದಿ ಚರ್ಚೆ ಮಾಡಿದರು, ಉಪನ್ಯಾಸ ಕೇಳಿದರು. ಓದು ಬರಹ ಇಲ್ಲದ ಸದಸ್ಯನಿಗೆ ತನ್ನ ಸಂಘದ ಲೆಕ್ಕ ತಿಳಿಯದು, ಲೆಕ್ಕ ತಿಳಿಯದವನ ಸಂಘ ಬಹಳ ದಿನ ಬಾಳದು ಎಂಬುದು ಅವರ ವಿಚಾರ ಆಗಿತ್ತು.

ಭಾರತದಲ್ಲಿ 1904ರಲ್ಲಿ ಸಹಕಾರ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇಂದಿಗೂ ನಮ್ಮ ರಾಜ್ಯದ ಸಹಕಾರ ಸಂಘಗಳು ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತವೆ. ನಮ್ಮ ಅಢಾವೆ ಪತ್ರಿಕೆ ತೆಗೆದು ನೋಡಿದರೆ ಆ ಬಾಬ್ತು ಕಾಣುತ್ತದೆ. ಸಹಕಾರಕ್ಕೂ ಓದಿಗೂ ಇರುವ ನಂಟು ನಾವು ಇವತ್ತು ಕಟ್ಟಿದ ಕಥೆಯಲ್ಲ.

ಬರೋಡದ ಪೆಟ್ಟಿಗೆಗಳು

ನಮ್ಮ ದೇಶದಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ಹಳ್ಳಿಗೆ ಒಯ್ದ ಕೀರ್ತಿ ಮೊದಲು ಸಲ್ಲಬೇಕಾದ್ದು ಬರೋಡ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರಿಗೆ. 1906ರಲ್ಲಿ ತಮ್ಮ ರಾಜ್ಯದಲ್ಲೆಲ್ಲಾ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದವರು ಅವರು. ಮಕ್ಕಳು ನಾಲ್ಕಕ್ಷರ ಕಲಿತು ಶಾಲೆ ಬಿಟ್ಟು ಹೊಲಕ್ಕೆ ಹೋದಮೇಲೆ ಕಲಿತದ್ದು ಮರೆತುಹೋಗುತ್ತದೆ, ಅದು ಉಳಿಯಬೇಕಾದರೆ ಊರಲ್ಲಿ ಪುಸ್ತಕ ಇರಬೇಕು ಎಂದು ಕಂಡುಕೊಂಡರು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಗ್ರಂಥಾಲಯ ಇಲಾಖೆಯನ್ನೇ ತೆರೆದರು. ಅದಕ್ಕೂ ಮೊದಲೇ ಮೋತಿಭಾಯಿ ಅಮೀನ್ ಎಂಬ ಶಿಕ್ಷಕರು ಹಳ್ಳಿಗಳಲ್ಲಿ ಗೆಳೆಯರ ಮಂಡಲಿ ಕಟ್ಟಿ ವಾಚನಾಲಯ ನಡೆಸಿದ್ದರು. ರಾಜರ ದುಡ್ಡು, ಊರವರ ಹುಮ್ಮಸ್ಸು ಎರಡೂ ಕೂಡಿತು.

ಅಲ್ಲಿಯ ಏರ್ಪಾಡು ನಾವು ಗಮನಿಸಬೇಕಾದ್ದು. ಊರವರು ವರ್ಷಕ್ಕೆ ಇಂತಿಷ್ಟು ಹಣ ಕೂಡಿಸಿದರೆ ಅಷ್ಟೇ ಹಣ ಪಂಚಾಯತಿ ಕಡೆಯಿಂದ, ಅಷ್ಟೇ ಹಣ ಸರ್ಕಾರದಿಂದ. ಮೂರರಲ್ಲಿ ಒಂದು ಪಾಲು ಊರಿನದು. ಇದು ನಮ್ಮ ಷೇರು ಪದ್ಧತಿಯ ಹಾಗೇ ಇದೆ ನೋಡಿ. ಸಣ್ಣ ಊರುಗಳಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಸರ್ಕಾರದ ಖರ್ಚಿನಲ್ಲೇ ಕಳಿಸುತ್ತಿದ್ದರು. ಓದಿ ಮುಗಿಸಿದ ಮೇಲೆ ಆ ಪೆಟ್ಟಿಗೆ ವಾಪಸು, ಬೇರೆ ಪೆಟ್ಟಿಗೆ ಊರಿಗೆ.

ಓದಲು ಬಾರದವರ ಗತಿ ಏನು? ಅದಕ್ಕೂ ದಾರಿ ಮಾಡಿದ್ದರು. ಗ್ರಂಥಾಲಯ ಇಲಾಖೆಯಲ್ಲೇ ಚಿತ್ರ ತೋರಿಸುವ ಒಂದು ಶಾಖೆ ಇತ್ತು. ಮ್ಯಾಜಿಕ್ ಲ್ಯಾಂಟರ್ನ್ ಗಾಜಿನ ಚಿತ್ರಗಳು, ಆಮೇಲೆ ಸಿನಿಮಾ ಯಂತ್ರ. ಇವನ್ನು ಹಳ್ಳಿಹಳ್ಳಿಗೆ ಒಯ್ದು ಟಿಕೆಟ್ಟಿಲ್ಲದೆ ತೋರಿಸುತ್ತಿದ್ದರು. ಬರೋಡದ ಕೇಂದ್ರ ಗ್ರಂಥಾಲಯದಲ್ಲಿ ಮಹಿಳೆಯರಿಗೆ ಬೇರೆ ವಿಭಾಗ, ಮಕ್ಕಳಿಗೆ ಆಟದ ಸಾಮಾನು ಇದ್ದ ಬೇರೆ ಕೊಠಡಿ. ನೂರು ವರ್ಷದ ಹಿಂದಿನ ಮಾತು ಇದು. ಗ್ರಂಥಾಲಯದಲ್ಲಿ ಆಟ ಯಾಕೆ, ಚಿತ್ರ ಯಾಕೆ ಎಂದು ಇವತ್ತು ಕೇಳುವವರಿಗೆ ಬರೋಡ ಆಗಲೇ ಉತ್ತರ ಕೊಟ್ಟಿದೆ.

ಎತ್ತಿನ ಗಾಡಿ, ದೋಣಿ, ಡೆಲ್ಲಿ

ಬರೋಡದಲ್ಲಿ ರಾಜರ ಬೆಂಬಲ ಇತ್ತು. ರಾಜರ ಬೆಂಬಲ ಇಲ್ಲದ ಕಡೆ ಜನರೇ ಮಾಡಿದರು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಎಂಬ ನಿವೃತ್ತ ಎಂಜಿನಿಯರರು ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿ ಸುತ್ತಣ ಹಳ್ಳಿಗಳಿಗೆ ಕಳಿಸಿದರು. 1935ರಲ್ಲಿ ಆಂಧ್ರದ ಕೃಷ್ಣಾ ಕಾಲುವೆ ಸೀಮೆಯಲ್ಲಿ ಪಾತೂರಿ ನಾಗಭೂಷಣಂ ಅವರು ದೋಣಿಯಲ್ಲಿ ಗ್ರಂಥಾಲಯ ನಡೆಸಿದರು. ಕಾಲುವೆಯಲ್ಲಿ ಹೋಗಿ ಬರುವ ಪ್ರಯಾಣಿಕರೇ ಓದುಗರು. ಗಾಡಿ ಹೊಡೆಯುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಜೊತೆ ಎತ್ತು, ಒಂದು ಗಾಡಿ, ಮನಸ್ಸು. ಕಟ್ಟಡ ಇಲ್ಲ ಅಂತ ಅವರು ಕೈಕಟ್ಟಿ ಕೂರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1951ರ ಅಕ್ಟೋಬರಿನಲ್ಲಿ ಯುನೆಸ್ಕೋ ಸಹಾಯದಿಂದ ದೆಹಲಿ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಉದ್ಘಾಟನೆ ಮಾಡಿದವರು ಪ್ರಧಾನಿ ನೆಹರೂ. ಹೊಸದಾಗಿ ಸ್ವತಂತ್ರವಾದ, ಓದು ಬರಹ ಬಲ್ಲವರು ಕಡಿಮೆ ಇರುವ ದೇಶದಲ್ಲಿ ಸಾರ್ವಜನಿಕ ಗ್ರಂಥಾಲಯ ಹೇಗೆ ನಡೆಯಬಹುದು ಎಂದು ನೋಡಲು ಮಾಡಿದ ಪ್ರಯೋಗ ಅದು. ಸದಸ್ಯತ್ವಕ್ಕೆ ಶುಲ್ಕ ಇಲ್ಲ. ಪುಸ್ತಕ ಮನೆಗೆ ಕೊಡುವುದರ ಜೊತೆಗೆ ಉಪನ್ಯಾಸ, ಚರ್ಚಾಕೂಟ, ನಾಟಕ, ಚಲನಚಿತ್ರ, ಮಕ್ಕಳಿಗೆ ಕಥೆ ಎಲ್ಲವೂ ಗ್ರಂಥಾಲಯದಲ್ಲೇ ನಡೆಯುತ್ತಿದ್ದವು. ಆಗಷ್ಟೇ ಅಕ್ಷರ ಕಲಿತ ದೊಡ್ಡವರಿಗೆ ಸುಲಭ ಹಿಂದಿಯ ಪುಸ್ತಕ. 1953ರಲ್ಲಿ ಸುತ್ತಲಿನ ಬಡಾವಣೆ, ಹಳ್ಳಿಗಳಿಗೆ ಪುಸ್ತಕದ ವ್ಯಾನು.

ಡೆಲ್ಲಿಯ ಈ ಪ್ರಯೋಗದಿಂದ ಒಂದು ವಿಷಯ ಸ್ಪಷ್ಟವಾಯಿತು. ಪುಸ್ತಕಕ್ಕೆ ಹೆದರುವ ಮನುಷ್ಯ ಮೊದಲು ನಾಟಕ ನೋಡಲು ಬರುತ್ತಾನೆ. ನಾಟಕಕ್ಕೆ ಬಂದವನು ಪತ್ರಿಕೆ ತಿರುವುತ್ತಾನೆ. ಪತ್ರಿಕೆ ತಿರುವಿದವನು ಒಂದು ದಿನ ಪುಸ್ತಕ ಕೇಳುತ್ತಾನೆ. ಕಾರ್ಯಕ್ರಮ ಗ್ರಂಥಾಲಯದ ಹೆಬ್ಬಾಗಿಲು.

ನಮ್ಮ ನಾಡಿನ ಕಥೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಬಂದವು. ಬೆಂಗಳೂರಿಗೆ ಹೋದವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ನೋಡಿರುತ್ತೀರಿ. ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅಲ್ಲೇ. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿಗಳಲ್ಲಿ ರಾತ್ರಿ ಶಾಲೆ ನಡೆಸಿ, ಕಲಿತವರಿಗೆ ಓದಲು ಸಣ್ಣ ಸಣ್ಣ ಗ್ರಂಥಾಲಯ ಮಾಡಿಕೊಟ್ಟರು. ಅವರು ಹೊರಡಿಸುತ್ತಿದ್ದ 'ಬೆಳಕು' ಪತ್ರಿಕೆ ಹಳೆಯ ತಲೆಮಾರಿನವರಿಗೆ ನೆನಪಿರಬಹುದು.

ಕಾನೂನಿನ ಬಲ ಬಂದದ್ದು 1965ರಲ್ಲಿ. ಆ ವರ್ಷ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. ಇದರ ಹಿಂದೆ ಡಾ. ಎಸ್.ಆರ್. ರಂಗನಾಥನ್ ಅವರ ಶ್ರಮ ಬಹಳ ಇದೆ. ತಂಜಾವೂರು ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಇವರು ಮೊದಲು ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಪುಸ್ತಕ ಇರುವುದು ಬಳಸುವುದಕ್ಕೆ, ಬೀಗ ಹಾಕಿ ಕಾಯುವುದಕ್ಕಲ್ಲ ಎಂಬುದನ್ನು ಗ್ರಂಥಾಲಯದ ಮೊದಲ ಸೂತ್ರವಾಗಿ ಇಟ್ಟವರು ಅವರೇ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವನ್ನು ಆಗಸ್ಟ್ 12ರಂದು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

ಹಳ್ಳಿಯ ಮಟ್ಟಕ್ಕೆ ಗ್ರಂಥಾಲಯ ಇಳಿದದ್ದು 1980ರ ದಶಕದ ಕೊನೆಯಲ್ಲಿ, ಮಂಡಲ ಪಂಚಾಯಿತಿಗಳ ಕಾಲದಲ್ಲಿ. 1993ರ ಪಂಚಾಯತ್ ರಾಜ್ ಕಾಯಿದೆ ಬಂದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದವು. ಒಂದು ಕೊಠಡಿ, ಎರಡು ಬೀರು, ಒಂದು ಬೆಂಚು, ಎರಡು ಮೂರು ದಿನಪತ್ರಿಕೆ, ಅಲ್ಪ ಗೌರವಧನದ ಮೇಲ್ವಿಚಾರಕರು. ಬಹಳ ಊರುಗಳಲ್ಲಿ ಇಷ್ಟೇ ಇತ್ತು. ಬೆಳಗ್ಗೆ ಪೇಪರ್ ನೋಡುವ ನಾಲ್ಕು ಜನ ಹಿರಿಯರು, ಪರೀಕ್ಷೆಗೆ ಓದುವ ನಾಲ್ಕು ಜನ ಹುಡುಗರು. ಹೆಂಗಸರು, ಚಿಕ್ಕ ಮಕ್ಕಳು ಅತ್ತ ಹೋಗುತ್ತಲೇ ಇರಲಿಲ್ಲ.

2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ರಾಜ್ಯದಲ್ಲಿ ಇವುಗಳ ಸಂಖ್ಯೆ ಐದು ಸಾವಿರದ ಆರುನೂರಕ್ಕೂ ಹೆಚ್ಚು. ಮರುವರ್ಷವೇ ಕೊರೊನಾ ಬಂದು ಶಾಲೆಗಳೆಲ್ಲಾ ಮುಚ್ಚಿದವು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ಮೊಬೈಲಿಲ್ಲದ, ನೆಟ್‌ವರ್ಕಿಲ್ಲದ ಹಳ್ಳಿ ಮಕ್ಕಳು ದನ ಕಾಯಲು ಹೋದರು. ಆ ಹೊತ್ತಿನಲ್ಲಿ, 2020ರ ನವೆಂಬರಿನ ಮಕ್ಕಳ ದಿನಾಚರಣೆಗೆ, ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಪೂರ್ತಿ ಉಚಿತ. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚಿತ್ರ ಬರೆಯುವುದು, ಚದುರಂಗ, ಕೇರಂ, ಒಗಟು, ಇವೆಲ್ಲಾ ಗ್ರಂಥಾಲಯದ ಒಳಗೇ ಬಂದವು. ದಾನಿಗಳಿಂದ ಪುಸ್ತಕ ಸಂಗ್ರಹಿಸಲು 'ಪುಸ್ತಕ ಜೋಳಿಗೆ' ಎಂದು ಊರೂರಲ್ಲಿ ಜೋಳಿಗೆ ಹಿಡಿದರು. ಆಮೇಲೆ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂತು. ಬರೋಡದಲ್ಲಿ ಮಾಡಿದ್ದು, ಡೆಲ್ಲಿಯಲ್ಲಿ ಮಾಡಿದ್ದು ನೂರು ವರ್ಷಕ್ಕೆ ನಮ್ಮ ಪಂಚಾಯಿತಿ ಕಟ್ಟೆಗೂ ಬಂದು ಮುಟ್ಟಿತು.

ನಮ್ಮೂರಲ್ಲೂ ಇದರ ಗುರುತು ಕಾಣುತ್ತಿದೆ. ಶಾಲೆ ಬಿಟ್ಟ ಮೇಲೆ ಬ್ಯಾಗು ಹೊತ್ತ ಮಕ್ಕಳು ನೇರ ಗ್ರಂಥಾಲಯಕ್ಕೆ ಬರುತ್ತಾರೆ. ಇರುವುದು ಒಂದೇ ಕೊಠಡಿ. ಕಥೆ ಹೇಳುವ ದಿನ ಅರ್ಧ ಮಕ್ಕಳು ಒಳಗೆ, ಅರ್ಧ ಮಕ್ಕಳು ಕಿಟಕಿ ಸರಳು ಹಿಡಿದು ಹೊರಗೆ. ಮಳೆ ಬಂದರೆ ಹೊರಗಿದ್ದವರು ಮನೆಗೆ. ಹಳೆಯ ಕಾಲದಲ್ಲಿ ಜಗಲಿಯ ಕೆಳಗೆ ನಿಂತು ಕೇಳಿದವರ ಮಾತು ಮೇಲೆ ಬರೆದೆವು. ಈಗ ಕಾನೂನು ಎಲ್ಲರನ್ನೂ ಒಳಗೆ ಕರೆದಿದೆ. ಜಾಗ ಇಲ್ಲದೆ ಮಕ್ಕಳು ಹೊರಗೆ ನಿಲ್ಲುವಂತಾಗಿದೆ.

ಪುಕ್ಕಟೆ ಅಂದರೆ ಯಾರ ದುಡ್ಡು?

'ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು' ಅಂತ ಗಾದೆ ಇದೆ. ಪುಕ್ಕಟೆ ಎಂದರೆ ನಮಗೆ ಸ್ವಲ್ಪ ಅಗ್ಗದ ಭಾವನೆ. ಆದರೆ ಗ್ರಂಥಾಲಯದ ಮಟ್ಟಿಗೆ ಇದರ ಲೆಕ್ಕ ಬೇರೆ.

ಮನೆಯಲ್ಲಿ ಪಂಚಾಯಿತಿ ಕಂದಾಯದ ರಸೀದಿ ಇದ್ದರೆ ದಯವಿಟ್ಟು ತೆಗೆದು ನೋಡಿ. ಮನೆ ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಸಾಲುಗಳಿರುತ್ತವೆ. 1965ರ ಕಾಯಿದೆಯಲ್ಲಿ ಗ್ರಂಥಾಲಯ ಕರ ರೂಪಾಯಿಗೆ 3 ಪೈಸೆ ಎಂದಿತ್ತು, ಆಮೇಲೆ 6 ಪೈಸೆ ಆಯಿತು. ಅಂದರೆ ವರ್ಷಕ್ಕೆ 500 ರೂಪಾಯಿ ಕಂದಾಯ ಕಟ್ಟುವ ಮನೆಯವರು 30 ರೂಪಾಯಿ ಗ್ರಂಥಾಲಯಕ್ಕೇ ಕಟ್ಟುತ್ತಾರೆ. ಗ್ರಂಥಾಲಯದ ಬಾಗಿಲು ಒಂದು ದಿನವೂ ತುಳಿಯದವರೂ ಕಟ್ಟುತ್ತಾರೆ, ಅಕ್ಷರ ಬಾರದ ಅಜ್ಜಿಯೂ ಕಟ್ಟುತ್ತಾಳೆ. ಹನಿ ಹನಿ ಕೂಡಿದರೆ ಹಳ್ಳ.

ಹಾಗಾದರೆ ಅಲ್ಲಿ ನಡೆಯುವ ಕಥೆ, ಉಪನ್ಯಾಸ, ಆಟ ಪುಕ್ಕಟೆ ಹೇಗಾಯಿತು? ನಾವೇ ಮೊದಲು ಕೊಟ್ಟು ಇಟ್ಟ ದುಡ್ಡು ಅದು. ಬಾಗಿಲಲ್ಲಿ ಕಾಸು ಕೇಳುವುದಿಲ್ಲ, ಅಷ್ಟೆ. ಬಾಗಿಲಲ್ಲಿ ಯಾಕೆ ಕೇಳುವುದಿಲ್ಲ ಎಂದರೆ, ಕೇಳಿದ ದಿನ ಕೂಲಿಯವರ ಮಗು ವಾಪಸು ಹೋಗುತ್ತದೆ. ಹತ್ತು ರೂಪಾಯಿ ಟಿಕೆಟ್ಟು ಇಟ್ಟರೂ ಸಾಕು, ಯಾರು ಬರಬೇಕಾಗಿತ್ತೋ ಅವರೇ ಬರುವುದಿಲ್ಲ. ನಾಗಾವಿಯಲ್ಲಿ ಭೂಮಿ ಬಿಟ್ಟದ್ದು, ರಾಚ್‌ಡೇಲಿನಲ್ಲಿ ಎರಡೂವರೆ ಪಾಲು ಎತ್ತಿಟ್ಟದ್ದು, ಬರೋಡದಲ್ಲಿ ಮೂರರಲ್ಲಿ ಒಂದು ಪಾಲು ಊರು ಕೊಟ್ಟದ್ದು, ಎಲ್ಲದರ ಹಿಂದೆಯೂ ಇರುವ ತತ್ವ ಒಂದೇ. ಇದ್ದವರು ಇದ್ದಷ್ಟು ಕೊಡುವುದು, ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳುವುದು. ಇದಕ್ಕೇ ಅಲ್ಲವೇ ಸಹಕಾರ ಎನ್ನುವುದು?

ಇನ್ನು ಕೆಲವರು ಹೇಳುತ್ತಾರೆ, ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಪ್ರಪಂಚವೇ ಅದರಲ್ಲಿದೆ, ಗ್ರಂಥಾಲಯ ಯಾಕೆ ಬೇಕು ಅಂತ. ಮೊಬೈಲು ಬೇಡ ಎಂದು ನಾವು ಹೇಳುವುದಿಲ್ಲ. ಹಾಲಿನ ಬಟವಾಡೆ ಬ್ಯಾಂಕಿಗೆ ಬಿದ್ದದ್ದು ತಿಳಿಯುವುದೂ ಅದರಲ್ಲೇ. ಆದರೆ ಮೊಬೈಲು ನೋಡುವಾಗ ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಇರುತ್ತಾರೆ. ಕೆಚ್ಚಲು ಬಾವಿಗೆ ಮೊಬೈಲಿನಲ್ಲಿ ಹತ್ತು ಔಷಧಿ ಹೇಳುತ್ತಾರೆ, ಯಾವುದು ನಿಜ ಯಾವುದು ಸುಳ್ಳು ಎಂದು ಪಕ್ಕದಲ್ಲಿ ಕೂತು ಹೇಳುವವರಿಲ್ಲ. ಪಶುವೈದ್ಯರು ಬಂದು ಎದುರಿಗೆ ನಿಂತು ಹೇಳಿದರೆ ಹತ್ತು ಜನ ಹತ್ತು ಪ್ರಶ್ನೆ ಕೇಳುತ್ತಾರೆ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೂ ಉಪಯೋಗಕ್ಕೆ ಬರುತ್ತದೆ. ಗಮಕದ ಕಾಲದಲ್ಲಿ ಅರ್ಥ ಹೇಳುವವರು ಒಬ್ಬರು ಪಕ್ಕದಲ್ಲೇ ಇರುತ್ತಿದ್ದರಲ್ಲ, ಆ ಜಾಗ ಖಾಲಿ ಬಿಡಬಾರದು.

ಸದಸ್ಯರಲ್ಲಿ ನಮ್ಮ ಕೋರಿಕೆ

ಈಗ ನಮ್ಮ ಊರಿನ ಮಾತಿಗೆ ಬರೋಣ. ಸಂಘದ ಮಹಡಿ ಸಭಾಂಗಣ ತಿಂಗಳಿಗೆ ಒಂದು ಸಲ ಆಡಳಿತ ಮಂಡಳಿ ಸಭೆಗೆ, ವರ್ಷಕ್ಕೆ ಒಂದು ಸಲ ಮಹಾಸಭೆಗೆ ತೆರೆಯುತ್ತದೆ. ಉಳಿದ ದಿನ ಬೀಗ. ಸಂಜೆ ಹಾಲು ಅಳೆದು ಮುಗಿಯುವುದು ಆರೂವರೆಗೆ. ಏಳರಿಂದ ಒಂಬತ್ತರವರೆಗೆ ತಿಂಗಳಿಗೆ ಎರಡು ಸಂಜೆ ಕೊಟ್ಟರೆ ವರ್ಷಕ್ಕೆ 24 ಸಂಜೆ, 48 ಗಂಟೆ. ಖರ್ಚು ಅಂದರೆ ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು, ಗುಡಿಸುವುದು, ಒಂದಿಷ್ಟು ಜಮಖಾನ.

ಆ 24 ಸಂಜೆಗಳಲ್ಲಿ ಏನು ಮಾಡಬಹುದು ಎಂದು ಗ್ರಂಥಾಲಯದ ಮೇಲ್ವಿಚಾರಕರ ಜೊತೆ ಕೂತು ಮಾತಾಡಿದ್ದೇವೆ. ಅರ್ಧ ಮಕ್ಕಳಿಗೆ, ಅರ್ಧ ದೊಡ್ಡವರಿಗೆ. ಮಕ್ಕಳಿಗೆ ಕಥೆ, ಗಟ್ಟಿ ಓದು, ಚಿತ್ರ. ದೊಡ್ಡವರಿಗೆ ಕಾಲುಬಾಯಿ ಜ್ವರ, ಮೇವಿನ ವಿಷಯ, ಪಹಣಿ ಓದುವುದು ಹೇಗೆ, ಅರ್ಜಿ ತುಂಬುವುದು ಹೇಗೆ, ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವ ಫೋನುಗಳಿಂದ ಪಾರಾಗುವುದು ಹೇಗೆ. ಊರಿನ ಸೋಬಾನೆ ಹಾಡುವ ಅಜ್ಜಿಯರು, ತತ್ವಪದ ಹೇಳುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೂರಿಸಿ ಮಕ್ಕಳಿಗೆ ಕೇಳಿಸಬೇಕು. ಅವರ ತಲೆಯಲ್ಲಿ ಇರುವುದು ಯಾವ ಬೀರುವಿನಲ್ಲೂ ಇಲ್ಲ. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಯಾರಿರುತ್ತಾರೋ ಹೇಳುವವರು ಯಾರು?

ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಮ್ಮೂರಿನ ಹೆಣ್ಣುಮಕ್ಕಳು ಪಂಚಾಯಿತಿ ಪಕ್ಕದ ಗ್ರಂಥಾಲಯಕ್ಕೆ ಹೋಗಲು ಹಿಂದೆಮುಂದೆ ನೋಡುತ್ತಾರೆ. ಆದರೆ ಡೇರಿಗೆ ದಿನಕ್ಕೆ ಎರಡು ಸಲ ಬರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಗ್ರಂಥಾಲಯದ ಕಾರ್ಯಕ್ರಮ ಡೇರಿಯ ಮಹಡಿಗೆ ಬಂದರೆ ಅವರೂ ಬರುತ್ತಾರೆ. ಹಾಲು ಹಿಂಡುವವರು ಹೆಚ್ಚಾಗಿ ಅವರೇ ಆಗಿರುವಾಗ ಕೆಚ್ಚಲು ಬಾವಿನ ಉಪನ್ಯಾಸ ಗಂಡಸರೇ ಕೇಳಿ ಏನು ಪ್ರಯೋಜನ?

ಇನ್ನೊಂದು ಸಂತೋಷದ ವಿಷಯ. ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ನಾವು ಸಹಕಾರ ಸಪ್ತಾಹ ಆಚರಿಸಿ ಏಳು ಬಣ್ಣದ ಧ್ವಜ ಹಾರಿಸುತ್ತೇವೆ. ದೇಶದ ಗ್ರಂಥಾಲಯಗಳವರು ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಆಚರಿಸುವುದೂ ಅದೇ ನವೆಂಬರ್ 14ರಿಂದ 20ರವರೆಗೆ. ಎರಡು ಹಬ್ಬ ಒಂದೇ ವಾರ. ಇಷ್ಟು ವರ್ಷ ಅವರು ಅಲ್ಲಿ ಮಾಡಿದರು, ನಾವು ಇಲ್ಲಿ ಮಾಡಿದೆವು. ಬರುವ ಸಪ್ತಾಹವನ್ನು ಕೂಡಿ ಮಾಡಿ, ಮೊದಲ ಸಂಜೆಯನ್ನು ಅಂದೇ ಶುರು ಮಾಡಬಹುದು.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮತ್ತೆ ಬರುತ್ತದೆ. ಧರ್ಮಾರ್ಥ ನಿಧಿಯಿಂದ ಎಷ್ಟು ಕೊಡಬೇಕು ಎಂಬುದನ್ನು ಸಭೆಯೇ ತೀರ್ಮಾನ ಮಾಡಲಿ. ಒಂದು ರೂಪಾಯಿ ಕೊಟ್ಟರೂ ಅದರ ಲೆಕ್ಕ ಸೂಚನಾ ಫಲಕದಲ್ಲಿ ಬರೆದು ಹಾಕಬೇಕು ಎಂದು ನಾವೇ ಕೇಳುತ್ತೇವೆ. ಒಂದು ವರ್ಷ ನೋಡಿ, ಜನ ಬಾರದಿದ್ದರೆ ನಿಲ್ಲಿಸುವ ಅಧಿಕಾರವೂ ಸಭೆಗೇ ಇರಲಿ. ವಿರೋಧ ಮಾಡಿದ ಸದಸ್ಯರು ಮೊದಲ ಸಂಜೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಅವರ ಮಕ್ಕಳು ಮೊಮ್ಮಕ್ಕಳು ಹೇಗೂ ಬಂದಿರುತ್ತಾರೆ.

ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಹಿರಿಯರು ಷೇರು ಹಾಕುವಾಗ, ಹಾಲು ಅಳೆಯಲು ಒಂದು ಸಂಘ ಯಾಕೆ, ಚೊಂಬು ಹಿಡಿದು ಬರುವ ವ್ಯಾಪಾರಿ ಸಾಲದೇ ಎಂದು ಕೇಳಿದವರೂ ಇದ್ದರು. ಆವತ್ತು ಊರು ಕೂಡಿ ಹಾಲಿಗೆ ಬೆಲೆ ತಂದಿತು. ಇನ್ನು ಇಪ್ಪತ್ತೈದು ವರ್ಷಕ್ಕೆ ಸಂಘದ ಸುವರ್ಣ ಮಹೋತ್ಸವ ಬರುತ್ತದೆ. ಆಗ ಲೆಕ್ಕ ಓದುವವರು, ಸಂಚಿಕೆ ಬರೆಯುವವರು, ನಿರ್ದೇಶಕರಾಗಿ ಕೂರುವವರು ಇವತ್ತು ಕಿಟಕಿ ಸರಳು ಹಿಡಿದು ನಿಂತಿರುವ ಮಕ್ಕಳೇ. ಅವರನ್ನು ಒಳಗೆ ಕರೆಯೋಣ.